ಬುಟ್ಟೇ ಬುಡ್ತಾರಲ್ಲ!

ಮೊನ್ನೆ ಮದ್ದೂರಿನ ಟೀ ಅಂಗಡಿಯಲ್ಲಿ ಮಾತಿಗೆ ಮಾತು ಬಂತು. ಹೊರಗಿನಿಂದ ಬಂದು ಸೇರಿಕೊಂಡ ಮುಸ್ಲಿಮರನ್ನೆಲ್ಲ ದೇಶದ ಭದ್ರತೆಗಾಗಿ ಹಿಡಿದು ಒಳಗೆ ಹಾಕಬೇಕು ಎಂದರು ಒಬ್ಬರು. ಏನೂ ಮಾಡದವರೂ ಇರ್ತಾರಲ್ಲ ಎಂದೆ. "ತಪ್ಪು ಮಾಡ್ದಿದ್ರೆ ಬುಟ್ಟೇ ಬುಡ್ತಾರಲ್ಲ ಕಣಣ್ಣ" ಎಂದರು.

ಈ 'ಬಿಡೋದು' ಹೇಗಿರುತ್ತೆ ಅಂತ ನಮ್ಮ ಮನೆಯವರಿಗೆ ಗೊತ್ತು.

ಕೆಲವು ವರ್ಷದ ಹಿಂದೆ ಯಾವುದೋ ಕಳ್ಳತನದ ಕೇಸಿನಲ್ಲಿ, ಹೆಸರು ಒಂದೇ ಅನ್ನುವ ಕಾರಣಕ್ಕೆ ನನ್ನ ತಮ್ಮನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಎರಡು ರಾತ್ರಿ ಇಟ್ಟುಕೊಂಡರು. ಮೂರನೇ ದಿನ "ನೀನಲ್ಲ, ಹೋಗಯ್ಯ" ಎಂದರು. ಅಷ್ಟೇ. ಅಷ್ಟೂ ಹೊತ್ತು ಅವ್ವ ಜಗಲಿ ಬಿಟ್ಟು ಏಳಲಿಲ್ಲ. ನಾಲ್ಕನೇ ಜ್ವರ ಎದ್ದಿದ್ದ (ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟಿದ್ದ) ರೇಷ್ಮೆಹುಳಕ್ಕೆ ಸರಿಯಾಗಿ ಸೊಪ್ಪು ಬೀಳದೆ ಆ ಬೆಳೆಯೇ ಕೈಬಿಟ್ಟಿತು. ಹೆಚ್ಚುಕಮ್ಮಿ ಕುದುರಿದ್ದ ಸಂಬಂಧವೂ ಮುರಿಯಿತು. "ಸುಮ್ನೆ ಕರ್ಕೊಂಡೋಗ್ತಾರಾ?" ಅಂತ ಹೆಣ್ಣಿನ ಕಡೆಯವರು ಯಾರ ಹತ್ತಿರವೋ ಅಂದರಂತೆ. ನಾವು ಇದೇ ಊರಿನವರು. ಸ್ಟೇಷನ್ ಬಾಗಿಲಲ್ಲಿ ನಿಂತು ಕೇಳೋಕೆ ಪಂಚಾಯ್ತಿ ಮೆಂಬರ್ ಇದ್ದರು, ನೆಂಟರಿದ್ದರು. ಇಷ್ಟಿದ್ದೂ ಹೀಗಾಯಿತು.

ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸುಮಾರು 3 ಸಾವಿರ ಜನ ಸತ್ತರು. ಅಲ್ಲಿನ ಜನರ ಭಯ, ಸಂಕಟ ಸಣ್ಣದಲ್ಲ. ಆದರೆ ಆಮೇಲೆ ಮಾಡಿದ್ದೇನು? ವೀಸಾ ಅವಧಿ ಮುಗಿದಿದೆ ಎನ್ನುವಂಥ ಕಾರಣಕ್ಕೆ 762 ವಲಸಿಗರನ್ನು ಹಿಡಿದು ಹಾಕಿದರು. ಪಾಕಿಸ್ತಾನದವರೇ ಎಲ್ಲರಿಗಿಂತ ಜಾಸ್ತಿ. ಒಂದು ದಿನಸಿ ಅಂಗಡಿಯಲ್ಲಿ ಮಧ್ಯಪ್ರಾಚ್ಯದ ಗಂಡಸರು ಬಹಳ ಜನ ಇದ್ದಾರೆ ಅಂತ ಯಾರೋ ಹೇಳಿದ್ದೂ ಒಂದು ಸುಳಿವಾಗಿತ್ತು! ಭಯೋತ್ಪಾದನೆಯ ನಂಟಿಲ್ಲ ಅಂತ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ ಹೇಳುವ ತನಕ ಯಾರನ್ನೂ ಬಿಡುವಂತಿಲ್ಲ ಎಂಬುದು ನಿಯಮ. ಹಾಗೆ ಹೇಳೋಕೆ ಸರಾಸರಿ 80 ದಿನ ಬೇಕಾಯಿತು. ನಮ್ಮ ಕಡೆ ಲೆಕ್ಕದಲ್ಲಿ ಮೂರು ಬೆಳೆ ರೇಷ್ಮೆ ಎದ್ದು ಹೋಗುವ ಕಾಲ.

ಇದು ಅಲ್ಲಿನ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ (ಇಲಾಖೆಯದೇ ತಪ್ಪುಗಳನ್ನು ಪರಿಶೀಲಿಸುವ ಅಧಿಕಾರಿ) 2003ರಲ್ಲಿ ಕೊಟ್ಟ ವರದಿಯಲ್ಲೇ ಇದೆ. ಬ್ರೂಕ್ಲಿನ್ ಜೈಲಿನಲ್ಲಿ 84 ಜನರನ್ನು ದಿನಕ್ಕೆ 23 ಗಂಟೆ ಕೂಡಿ ಹಾಕಿದ್ದರು. ರಾತ್ರಿಯೂ ಲೈಟ್ ಆರಿಸುತ್ತಿರಲಿಲ್ಲ. ಹುಡುಕಿಕೊಂಡು ಬಂದ ಮನೆಯವರಿಗೆ, ಅವರು ಒಳಗೇ ಇದ್ದರೂ, ಇಲ್ಲಿಲ್ಲ ಅಂತ ಹೇಳಿ ಕಳಿಸಿದ್ದುಂಟು. ವಕೀಲರಿಗೆ ಮಾಡಲು ವಾರಕ್ಕೊಂದು ಫೋನ್. ಅದರಲ್ಲೂ ಸಿಬ್ಬಂದಿ ಬಂದು "ಚೆನ್ನಾಗಿದ್ದೀಯಾ?" ಅಂತ ಕೇಳುವುದು, ಒಳಗಿದ್ದವನು "ಹೂಂ" ಅಂದರೆ ಫೋನ್ ಬೇಡವಂತೆ ಅಂತ ಬರೆದುಕೊಳ್ಳುವುದು. ಇದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟ ಹಾಗೆ ನನ್ನ ಮೊಬೈಲ್ ಕೆಳಗಿಟ್ಟು ಸುಮ್ಮನೆ ಕೂತೆ. ಯಾರಾದರೂ ಹಾಗೆ ಕೇಳಿದರೆ ನಾವೆಲ್ಲ ಹೂಂ ಅನ್ನುವುದೇ ಅಲ್ವಾ?

ಆ ದಾಳಿಯಲ್ಲಿ ಪಾಲಿತ್ತು ಎಂಬುದು ಇವರಲ್ಲಿ ಒಬ್ಬರ ಮೇಲೂ ಸಾಬೀತಾಗಲಿಲ್ಲ. ಹೆಚ್ಚಿನವರನ್ನು ದೇಶದಿಂದಲೇ ಹೊರಗೆ ಕಳಿಸಿದರು. ವೀಸಾ ಮುಗಿದವರನ್ನು ವಾಪಸ್ ಕಳಿಸಲಿ, ಅದು ಕಾನೂನು. ಅದಕ್ಕೆ ನಿದ್ದೆ ಕೆಡಿಸಿ ಕೂಡಿ ಹಾಕುವುದು ಯಾಕೆ? ಕೆಲವರು ಕೋರ್ಟಿಗೂ ಹೋದರು. ಇದಕ್ಕಾಗಿ ದೊಡ್ಡ ಅಧಿಕಾರಿಗಳಿಂದ ಪರಿಹಾರ ಕೇಳಲು ಬರುವುದಿಲ್ಲ ಎಂದು 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

ನಮ್ಮ ದೇಶದಲ್ಲೂ 2019ರಲ್ಲಿ ಅಸ್ಸಾಮಿನ ಮೊಹಮ್ಮದ್ ಸನಾವುಲ್ಲಾ ಅವರನ್ನು ವಿದೇಶಿ ಅಂತ ಗೋಲ್ಪಾರಾದ ಬಂಧನ ಕೇಂದ್ರಕ್ಕೆ ಹಾಕಿದ್ದರು. ಅವರು ಸುಮಾರು 30 ವರ್ಷ ಸೇನೆಯಲ್ಲಿ ದುಡಿದು ನಿವೃತ್ತರಾದವರು. ಹೈಕೋರ್ಟ್ ಜಾಮೀನು ಕೊಟ್ಟ ಮೇಲೆ ಹೊರಬಂದರು. ಅವರ ಪರ ಪೇಪರ್, ಟಿವಿ ಎಲ್ಲ ಮಾತಾಡಿದವು. ಹೊಲದಲ್ಲಿ ಕೂಲಿ ಮಾಡುವವನ ಪರ ಯಾರು ಮಾತಾಡುತ್ತಾರೆ?

ಟೀ ಅಂಗಡಿಯಲ್ಲಿ ನನಗೆ ಇಷ್ಟೆಲ್ಲ ಹೇಳಲು ಆಗಲಿಲ್ಲ. ಆ ಅಣ್ಣ ಕೆಟ್ಟವರಲ್ಲ, ನನ್ನ ತಮ್ಮನ ವಿಷಯಕ್ಕೆ ಅವತ್ತು ಸ್ಟೇಷನ್ ಮುಂದೆ ನಮ್ಮ ಜೊತೆ ನಿಂತವರೇ. ತಮ್ಮ ಈಗಲೂ ರೇಷ್ಮೆಗೂಡು ಮಾರಲು ರಾಮನಗರಕ್ಕೆ ಹೊರಟರೆ ಅವ್ವ ಆಧಾರ್ ಕಾರ್ಡಿನ ಎರಡು ಜೆರಾಕ್ಸ್ ಅವನ ಜೇಬಿಗೆ ತುರುಕುತ್ತಾಳೆ. ಒಂದು ಕಳೆದುಹೋದರೆ ಇನ್ನೊಂದು ಇರಲಿ ಅಂತ.