ಬರೀ ಬೂದಿಯಿಂದ ಟೈಲ್ಸ್ ಆಗಲ್ಲ: ಒಂದು ಸ್ಪಷ್ಟನೆ

"ಭತ್ತದ ಹೊಟ್ಟಿನ ಬೂದಿ ಇದ್ದರೆ ಸಾಕು, ಟೈಲ್ಸ್‌ಗೆ ಜೇಡಿಮಣ್ಣೇ ಬೇಡ" ಅನ್ನುವ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ಈ ಬೂದಿಯಲ್ಲಿ ಸಾಮಾನ್ಯವಾಗಿ ಶೇ. 85ರಿಂದ 95ರಷ್ಟು ಸಿಲಿಕಾ (ಬೆಣಚುಕಲ್ಲಿನಲ್ಲೂ ಇರುವ ಖನಿಜ) ಇರುತ್ತದೆ, ಹಾಗಾಗಿ ಟೈಲ್ಸ್ ಮಿಶ್ರಣದಲ್ಲಿರುವ ಬೆಣಚುಕಲ್ಲಿನ ಪುಡಿಯನ್ನು ಸ್ವಲ್ಪ ಕಡಿಮೆ ಮಾಡಿ ಅದರ ಜಾಗಕ್ಕೆ ಇದನ್ನು ಹಾಕಬಹುದು. ಮಣ್ಣಿನ ಜಾಗಕ್ಕಲ್ಲ. ಒತ್ತಿದ ಹಸಿ ಟೈಲ್ ಒಡೆಯದೆ ಸುಡುವ ಗೂಡು ಸೇರಬೇಕಾದರೆ ಮಣ್ಣಿನ ಅಂಟು ಬೇಕೇ ಬೇಕು ಅಲ್ವಾ, ಬೂದಿಗೆ ಆ ಗುಣವಿಲ್ಲ.

ಎಲ್ಲ ಬೂದಿಯೂ ಆಗಲ್ಲ. ಸರಿಯಾಗಿ ಸುಡದ ಕಪ್ಪು ಬೂದಿಯಲ್ಲಿ ಇಂಗಾಲ ಜಾಸ್ತಿ ಉಳಿದಿರುತ್ತದೆ. ಅದು ಗೂಡಿನಲ್ಲಿ ಉರಿದು ಹೋದ ಕಡೆ ಸಣ್ಣ ತೂತು ಬೀಳುತ್ತದೆ, ಆಗ ಟೈಲ್ ನೀರು ಹೀರುತ್ತದೆ. ಉರಿಯದೆ ಒಳಗೇ ಸಿಕ್ಕಿಕೊಂಡರೆ ನಡುವೆ ಕಪ್ಪಗಾಗುತ್ತದೆ, ಕೆಲವೊಮ್ಮೆ ಉಬ್ಬುತ್ತದೆ. ದಯವಿಟ್ಟು ಆ ಮೆಸೇಜ್ ನಂಬಿ ಸುಮ್ನೆ ಬೂದಿ ಸುರಿಯಬೇಡಿ. ಮೊದಲು ಪರೀಕ್ಷೆ ಮಾಡಿಸಿ.