ಮೇಲಿನ ಸಾಲಿನಲ್ಲಿ ಸಾಹೇಬರು

ನಮ್ಮ ಆಫೀಸಿನ ಇಂಟರ್‌ನೆಟ್ ಬಾಗಿಲು ಕಾಯಲು ಒಂದು ಪ್ರಾಕ್ಸಿ ಸರ್ವರ್ ಇದೆ. ನಾವು ಕೇಳುವ ಪ್ರತಿ ಪುಟವೂ ಅದರ ಮೂಲಕವೇ ಬರಬೇಕು. ಹೆಸರು ಸ್ಕ್ವಿಡ್. ಪಾಪ, ಅದರ ತಪ್ಪೇನೂ ಇಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಕೇಳುತ್ತದೆ. ಹೇಳುವವರು ನಮ್ಮವರು, ಎಡವಟ್ಟು ಇರುವುದೇ ಅಲ್ಲಿ.

ಮೊನ್ನೆ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ಒಂದು ವರದಿ ಬೇಕಿತ್ತು. ಪುಟ ತೆರೆಯಲೇ ಇಲ್ಲ. ನೆಟ್ ಹೋಗಿರಬೇಕು ಅಂತ ಸುಮ್ನೆ ಕೂತೆ. ವಾರದ ಕೊನೆಗೆ ಎಚ್‌ಆರ್‌ನಿಂದ ಕರೆ ಬಂತು. ಅವರ ಕೈಯಲ್ಲಿ ಲಾಗ್‌ನ, ಅಂದರೆ ಯಾರು ಏನು ಕೇಳಿದರು ಅಂತ ಸ್ಕ್ವಿಡ್ ಬರೆದಿಡುವ ಪಟ್ಟಿಯ ಪ್ರಿಂಟ್. ನನ್ನ ಕಂಪ್ಯೂಟರಿನ ಐಪಿ ವಿಳಾಸ, ಅದರ ಪಕ್ಕ 'ಟಿಸಿಪಿ ಡಿನೈಡ್, 403', ಅಂದರೆ ತಡೆಯಲಾಗಿದೆ, ಮೇಲೆ ದಪ್ಪಕ್ಷರದಲ್ಲಿ 'ಅಶ್ಲೀಲ'. ಒಂಬತ್ತು ಸಲ ಪ್ರಯತ್ನಿಸಿದ್ದೇನಂತೆ. ಹೌದು, ಒಂಬತ್ತು ಸಲ ರಿಫ್ರೆಶ್ ಒತ್ತಿದ್ದೆ!

ಆಗಿದ್ದಿಷ್ಟು. ಯಾರೋ ಪುಣ್ಯಾತ್ಮರು ಮೂರಕ್ಷರದ ಒಂದು ಇಂಗ್ಲಿಷ್ ಪದವನ್ನು ಫಿಲ್ಟರಿಗೆ ತುಂಬಿದ್ದರು. ಎಸೆಕ್ಸ್ ಸ್ಪೆಲಿಂಗಿನ ಕೊನೆಯ ಮೂರಕ್ಷರ ಅದೇ. ಸಸೆಕ್ಸ್, ಮಿಡಲ್‌ಸೆಕ್ಸ್ ಕೂಡ ಅದೇ ಜಾತಿ. ನೆಗಡಿ ಬಂತು ಅಂತ ಮೂಗು ಕೊಯ್ದರು ಅಂತಾರಲ್ಲ, ಇವರು ಇಂಗ್ಲೆಂಡಿನ ಕೌಂಟಿಗಳನ್ನೇ ಕೊಯ್ದಿದ್ದಾರೆ. 1996ರಲ್ಲೇ ಎಒಎಲ್ ಎಂಬ ಇಂಟರ್‌ನೆಟ್ ಕಂಪನಿಯ ಫಿಲ್ಟರ್, ಇಂಗ್ಲೆಂಡಿನ ಸ್ಕಂತಾರ್ಪ್ ಊರಿನವರಿಗೆ ಖಾತೆ ತೆರೆಯಲು ಬಿಡದೆ ನಗೆಪಾಟಲಾಗಿತ್ತು. ಊರಿನ ಹೆಸರಿನೊಳಗೆ ಒಂದು ಬೈಗುಳ ಅಡಗಿತ್ತು, ಅಷ್ಟೇ. ನಮ್ಮವರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಬಹುಶಃ ಅದೂ ಬ್ಲಾಕ್ ಆಗಿರಬೇಕು.

ಅರ್ಜಿ ಹಾಕಿದೆ. 'ಅನುಮತಿ ಮಂಜೂರಾಗಿದೆ' ಅಂತ ಮೇಲ್ ಬಂತು. ಪುಟ ಮಾತ್ರ ತೆರೆಯಲಿಲ್ಲ. ಅಡ್ಮಿನ್ ಹುಡುಗನ ಹತ್ತಿರ ಹೋದೆ. ಅವನು ಫೈಲ್ ತೆರೆದು ತೋರಿಸಿದ. ಸ್ಕ್ವಿಡ್ ನಿಯಮಗಳನ್ನು ಮೇಲಿಂದ ಕೆಳಕ್ಕೆ ಓದುತ್ತದೆ. ಯಾವ ಸಾಲು ಮೊದಲು ಹೊಂದುತ್ತದೋ ಅದರದ್ದೇ ತೀರ್ಪು, ಮುಂದಿನ ಸಾಲುಗಳನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಎಲ್ಲಕ್ಕಿಂತ ಮೇಲಿನ ಸಾಲು ಸಾಹೇಬರ ಕಂಪ್ಯೂಟರಿನದು: ಏನು ಬೇಕಾದರೂ ನೋಡಲಿ. ಆಮೇಲೆ ಆ ಮೂರಕ್ಷರ. ಆಮೇಲೆ ನಾಲ್ಕೈದು ಸರಕಾರಿ ಸೈಟಿಗೆ ದಾರಿ. ಆಮೇಲೆ 'ಡಿನೈ ಆಲ್', ಅಂದರೆ ಉಳಿದವರಿಗೆಲ್ಲ ಬಾಗಿಲು ಬಂದ್. ಅದರ ಕೆಳಗೆ ಎರಡು ವರ್ಷದಿಂದ ಮಂಜೂರಾದ ಅನುಮತಿಗಳೆಲ್ಲ ಕೈಕಟ್ಟಿ ನಿಂತಿವೆ. ನನ್ನದು ಕೊನೆಯದು.

"ಇದನ್ನ ಮೇಲೆ ಹಾಕಬಾರದಾ?" ಅಂದೆ.

"ಮೇಲೆ ಹಾಕೋಕೆ ಮೇಲಿನವರ ಸಹಿ ಬೇಕು ಸಾರ್."

ಒಮ್ಮೆ ತಂದ ಪುಟದ ಪ್ರತಿ ಕೂಡಿಟ್ಟು ಮತ್ತೆ ಕೇಳಿದವರಿಗೆ ಅದನ್ನೇ ಕೊಡುವ ಉಗ್ರಾಣಕ್ಕೆ ಕ್ಯಾಶ್ ಅಂತಾರೆ. ಅದರ ಕತೆ ಇನ್ನೂ ಚಂದ. ವೇಗ ಜಾಸ್ತಿ ಆಗಲಿ ಅಂತ ದೊಡ್ಡ ಡಿಸ್ಕ್ ತಂದರು. ಇವತ್ತು ಬಹುಪಾಲು ಸೈಟುಗಳು ಎಚ್‌ಟಿಟಿಪಿಎಸ್, ಅಂದರೆ ಪುಟಕ್ಕೆ ಬೀಗ ಹಾಕಿ ಕಳಿಸುವಂಥವು. ಬೀಗ ಒಡೆಯುವ ಏರ್ಪಾಡು ಮಾಡದಿದ್ದರೆ ಪ್ರಾಕ್ಸಿಗೆ ಸೈಟಿನ ಹೆಸರು ಕಾಣುತ್ತದೆಯೇ ಹೊರತು ಒಳಗಿನ ಪುಟ ಕಾಣುವುದಿಲ್ಲ. ಕಾಣದ್ದನ್ನು ಕೂಡಿಡುವುದು ಹೇಗೆ? ಡಿಸ್ಕ್ ಖಾಲಿ. ಕೊನೆಗೆ ಸಿಕ್ಕಿದ್ದು ಒಂದೇ, ಬೀಗವಿಲ್ಲದ ಹಳೇ ಎಚ್‌ಟಿಟಿಪಿಯಲ್ಲೇ ಓಡುವ ನಮ್ಮ ಆಫೀಸ್ ನೋಟೀಸ್ ಬೋರ್ಡ್. ಅದಕ್ಕೆ ಕನಿಷ್ಠ 10080 ನಿಮಿಷ, ಅಂದರೆ ಪೂರ್ತಿ ಒಂದು ವಾರ ಆಯುಸ್ಸು ಕೊಟ್ಟರು. ಸರ್ವರ್ ಹೇಳುವ ಅವಧಿ ಲೆಕ್ಕಕ್ಕಿಲ್ಲ, ಯಾರು ರಿಫ್ರೆಶ್ ಒತ್ತಿದರೂ ಕೇಳಬೇಡ ಅಂತ ಎರಡು ಆಪ್ಷನ್ ಬೇರೆ. ಇವನ್ನು ಹಾಕಿದರೆ ಎಚ್‌ಟಿಟಿಪಿ ನಿಯಮ ಮುರಿದಂತೆ ಅಂತ ಸ್ಕ್ವಿಡ್‌ನ ಕೈಪಿಡಿಯೇ ಎಚ್ಚರಿಸುತ್ತದೆ. ಕೈಪಿಡಿ ಓದುವವರು ಯಾರು?

ಸೋಮವಾರ ಸಾಹೇಬರು ಫಿಲ್ಟರ್ ಸಡಿಲಿಸಿ ನೋಟೀಸ್ ಹಾಕಿಸಿದರು. ನಮಗೆಲ್ಲ ಕಂಡಿದ್ದು ಹಿಂದಿನ ವಾರದ್ದು: 'ನಿಯಮ ಇನ್ನಷ್ಟು ಬಿಗಿ'. ಅಡ್ಮಿನ್‌ನ ಹುಡುಕಿಕೊಂಡು ಹೋದರೆ ಅವನು ಮೆಟ್ಟಿಲ ಮೇಲೆ ಕೂತು ಸ್ವಂತ ಮೊಬೈಲ್ ಡೇಟಾದಲ್ಲಿ ಏನೋ ಹುಡುಕುತ್ತಿದ್ದ.

"ಕ್ಯಾಶ್ ಖಾಲಿ ಮಾಡೋದು ಹೇಗೆ ಅಂತ ನೋಡ್ತಿದ್ದೀನಿ ಸಾರ್. ಒಳಗೆ ಆ ಸೈಟ್ ತೆರೆಯಲ್ಲ. ಹೆಸರಲ್ಲಿ 'ಪ್ರಾಕ್ಸಿ' ಅಂತಿದೆ. ಆ ಪದಾನ ಹೋದ ತಿಂಗಳು ನಾನೇ ಬ್ಲಾಕ್ ಮಾಡಿದ್ದೆ."

ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಕೂತು ನನ್ನ ಮೊಬೈಲಿನಲ್ಲಿ ಎಸೆಕ್ಸ್ ವರದಿ ತೆರೆದೆ.