ಮಗು ಮಲಗಿದೆ, ದಯವಿಟ್ಟು ಬೆಲ್ ಮಾಡಬೇಡಿ

ಈ ಹಳೇ ಪೇಪರ್ ಗಾಡಿಗೆ ಸ್ಪೀಕರ್ ಕಟ್ಟೋ ಐಡಿಯಾ ಯಾವ ಪುಣ್ಯಾತ್ಮನಿಗೆ ಬಂತೋ ಗೊತ್ತಿಲ್ಲ, ಅವ್ರ ಮನೇಲಿ ಮಾತ್ರ ಆಗ ಸಣ್ಣ ಮಕ್ಕಳಿರ್ಲಿಲ್ಲ ಅನ್ನೋದು ಗ್ಯಾರಂಟಿ. ಮೊದ್ಲೆಲ್ಲಾ ಗಾಡಿಯವನೇ ಕೂಗ್ತಿದ್ದ, ಕೂಗಿ ಕೂಗಿ ಗಂಟಲು ಒಣಗಿದ್ರೆ ಒಂದೆರಡು ಮನೆ ಬಿಟ್ಟು ಮುಂದಕ್ಕೆ ಹೋಗಿ ಕೂಗ್ತಿದ್ದ, ಆ ಗ್ಯಾಪಲ್ಲಿ ಸಿಗೋ ಮನೆ ನಮ್ದಾದ್ರೆ ನಮ್ಮ ಪುಣ್ಯ. ಈಗ ಬ್ಯಾಟರಿ ಸ್ಪೀಕರು, ರೆಕಾರ್ಡ್ ಮಾಡಿಟ್ಟಿರೋ ದನಿ, ಅದಕ್ಕೆ ಗಂಟಲೂ ಒಣಗಲ್ಲ ನಾಚಿಕೆನೂ ಇಲ್ಲ. "ಹಳೇ ಪೇಪರ್, ಹಳೇ ಕಬ್ಬಿಣ, ಹಳೇ ಪ್ಲಾಸ್ಟಿಕ್, ಕೆಟ್ಟೋಗಿರೋ ಫ್ರಿಜ್, ಕೆಟ್ಟೋಗಿರೋ ವಾಷಿಂಗ್ ಮಿಷಿನ್..." ಇವತ್ತಂತೂ ಗಾಡಿನ ಕರೆಕ್ಟಾಗಿ ನಮ್ಮ ರೂಮಿನ ಕಿಟಕಿ ಮುಂದೆ ನಿಲ್ಸಿ, ಸ್ಪೀಕರ್ ಆಫ್ ಮಾಡ್ದೆ ಮೂಲೆ ಅಂಗಡಿಗೆ ಟೀ ಕುಡಿಯೋಕೆ ಹೋಗಿದಾನೆ. ಗೇಟ್ ತೆಗ್ದು ಓಡಿ ಹೋಗಿ ನೋಡಿದ್ರೆ ಗಾಡಿ ಹತ್ರ ಮನುಷ್ಯನೇ ಇಲ್ಲ, ಯಾರ್ ಮೇಲೆ ರೇಗೋದು? ಮಟಮಟ ಮಧ್ಯಾಹ್ನ ಖಾಲಿ ರೋಡಲ್ಲಿ ಒಂದು ಡಬ್ಬ ನನ್ನ ಹತ್ರ ಕೆಟ್ಟೋಗಿರೋ ಫ್ರಿಜ್ ಕೇಳ್ತಾ ನಿಂತಿದೆ. ಪುಣ್ಯಕ್ಕೆ ಪುಟ್ಟಿ ಒಂದ್ಸಲ ಹೊರಳಿ ಮತ್ತೆ ಮಲಗಿದ್ಲು.

ಸಣ್ಣ ಮಗು ಇರೋ ಮನೆಯವ್ರಿಗೆ ಈ ಮಧ್ಯಾಹ್ನದ ನಿದ್ದೆ ಅಂದ್ರೆ ಏನು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಬೆಳಿಗ್ಗೆ ರಾಗಿ ಸರಿ, ಅದ್ರಲ್ಲಿ ಅರ್ಧ ಹೊಟ್ಟೆಗೆ ಅರ್ಧ ಗೋಡೆಗೆ. ಮಧ್ಯಾಹ್ನ ಅನ್ನ ಸಾರು ತಿನ್ನಿಸೋಕೆ ಕಾಗೆ, ನಾಯಿ, ಎದುರು ಮನೆ ಸ್ಕೂಟರು, ಗೇಟಿನ ಚಿಲಕ ಎಲ್ಲಾ ತೋರಿಸಿ ಆಗ್ಬೇಕು. ಆಮೇಲೆ ಕಾಲಿನ ಗೆಜ್ಜೆ ಬಿಚ್ಚಿಟ್ಟು ಜೋಲಿಗೆ ಹಾಕೋದು. ಅವಳಿಗೆ ಎರಡು ತುಂಬ್ತಾ ಬಂತು, ಭಾರ ಆಗಿದಾಳೆ, ಜೋಲಿ ಬಿಡಿಸಮ್ಮ ಅಂತ ಬಂದೋರೆಲ್ಲ ಹೇಳಿ ಹೋಗ್ತಾರೆ, ಬಿಡಿಸೋಕೆ ಯಾರೂ ಉಳ್ಕೊಳಲ್ಲ. ಜೋಲಿಯ ಸ್ಪ್ರಿಂಗ್ ಬೇರೆ ಈಗ ಕಿರ್ರ್ ಅನ್ನುತ್ತೆ, ಅದಕ್ಕೆ ಎಣ್ಣೆ ಬಿಟ್ರೆ ಮಗು ಮಲಗಲ್ಲ, ಆ ಕಿರ್ರ್ ಇದ್ರೇನೇ ಅವಳಿಗೆ ನಿದ್ದೆ. ಇಷ್ಟೆಲ್ಲಾ ಆಗಿ ಜೋಲಿಯಿಂದ ಎತ್ತಿ ಮಂಚಕ್ಕೆ ಹಾಕಿ, ಕತ್ತಿನ ಕೆಳಗೆ ಸಿಕ್ಕಿಕೊಂಡಿರೋ ನನ್ನ ಕೈನ ಇಷ್ಟಿಷ್ಟೇ ಎಳ್ಕೊಂಡು ಹೊರಗೆ ಬರೋ ಹೊತ್ತಿಗೆ ಗಂಟೆ ಎರಡಾಗಿರುತ್ತೆ. ಅಲ್ಲಿಂದ ಅವಳು ಏಳೋವರೆಗೆ ನನ್ನ ದಿನ. ಊಟ, ಆಫೀಸಿನ ಮೇಲು, ತಲೆ ಬಾಚೋದು, ಬದುಕು, ಎಲ್ಲಾ ಅದ್ರೊಳಗೇ ಮುಗಿಸ್ಬೇಕು.

ವಿಶ್ವ ಆರೋಗ್ಯ ಸಂಸ್ಥೆಯವ್ರು 2019ರಲ್ಲಿ ಒಂದು ಲೆಕ್ಕ ಕೊಟ್ಟಿದಾರೆ, ಒಂದರಿಂದ ಎರಡು ವರ್ಷದ ಮಕ್ಕಳು ಹಗಲು ನಿದ್ದೆನೂ ಸೇರಿ ದಿನಕ್ಕೆ 11ರಿಂದ 14 ಗಂಟೆ ಮಲಗಬೇಕಂತೆ. ನಮ್ಮ ಮನೇಲಿ ಆ ಲೆಕ್ಕ ಟ್ಯಾಲಿ ಆಗ್ಬೇಕಂದ್ರೆ ನನ್ನ ನಿದ್ದೆನೂ ಅವಳ ಖಾತೆಗೇ ಜಮಾ ಮಾಡ್ಬೇಕು, ಹೆಂಗೂ ಅವಳೇ ತಗೊಂಡಿರೋದು ತಾನೇ. ಅದೇ ಲೆಕ್ಕದಲ್ಲಿ ಎರಡು ತುಂಬಿದ ಮಕ್ಕಳಿಗೆ ಟಿವಿ ಮೊಬೈಲು ಎಲ್ಲಾ ಸೇರಿ ಒಂದು ಗಂಟೆ ಮೀರಬಾರ್ದು, ಒಂದು ವರ್ಷದೋರಿಗೆ ಬೇಡವೇ ಬೇಡ ಅಂತಾನೂ ಇದೆ. ಚಪಾತಿ ಲಟ್ಟಿಸೋ ಟೈಮಿಗೆ ಏನಾದ್ರೂ ರಿಯಾಯಿತಿ ಇದ್ಯಾ ಅಂತ ಹುಡುಕಿದೆ, ಇಲ್ಲ.

ಇರ್ಲಿ. ಪೇಪರ್ ಗಾಡಿ, ಸೊಪ್ಪಿನವ್ಳು, ಮಿಕ್ಸಿ ರಿಪೇರಿಯವ್ನು, ಕುಕ್ಕರ್ ವಿಷಲ್ಲು ಇವೆಲ್ಲಾ ಹೊರಗಿನ ಶತ್ರುಗಳು, ಹೆಂಗೋ ಸಂಭಾಳಿಸ್ಬಹುದು. ನನ್ನ ಕಷ್ಟ ಇರೋದು ನಮ್ಮ ಮಾವನೋರ ಪಿಸುಮಾತಿಂದು.

ಮಾವ ತಿಪಟೂರು ಕಡೆ ಹಳ್ಳಿ ಸ್ಕೂಲುಗಳಲ್ಲಿ ಮೇಷ್ಟ್ರಾಗಿದ್ದು ರಿಟೈರ್ ಆದವ್ರು. ಒಂದೇ ಹಾಲಲ್ಲಿ ನಾಲ್ಕು ಕ್ಲಾಸು ಕೂರಿಸ್ಕೊಂಡು, ಹೊರಗೆ ಮಳೆ ಶೀಟಿನ ಮೇಲೆ ಬೀಳ್ತಿರೋವಾಗ, ಹಿಂದಿನ ಸಾಲಿನ ಹುಡುಗನಿಗೆ ಮಗ್ಗಿ ಕೇಳಿಸ್ಬೇಕು ಅಂತ ತಯಾರಾದ ದನಿ ಅದು. ಆ ದನಿಗೆ ವಾಲ್ಯೂಮ್ ಬಟನ್ನೇ ಇಲ್ಲ. ಅವ್ರ ಪ್ರಕಾರ ಪಿಸುಗುಟ್ಟೋದು ಅಂದ್ರೆ ಅದೇ ಮಾತನ್ನ ಅಷ್ಟೇ ಜೋರಾಗಿ, ಆದ್ರೆ ಗಾಳಿ ಸೇರಿಸಿ ಹೇಳೋದು. ಜೊತೆಗೆ ಸ್ವಲ್ಪ ಬಗ್ಗಿ, ಕೈನ ಬಾಯಿಗೆ ಅಡ್ಡ ಹಿಡ್ಕೊಳೋದು. ಆ ಕೈ ಬೇರೆ ದನಿನ ನೇರ ಮಂಚದ ಕಡೆಗೇ ತಿರುಗಿಸಿ ಕಳ್ಸುತ್ತೆ.

ಮಗು ಮಲಗಿ ಐದು ನಿಮಿಷ ಆಗಿರಲ್ಲ, ಚಪ್ಪಲಿ ಸದ್ದು. ಸದ್ದಾಗುತ್ತೆ ಅಂತ ಬಾಗಿಲ ಹತ್ರ ಚಪ್ಪಲಿ ಬಿಡ್ತಾರೆ, ಬಿಟ್ಟ ಚಪ್ಪಲಿ ಪಟ್ ಪಟ್ ಅಂತ ಬೀಳುತ್ತೆ. ಪರದೆ ಸರಿಸ್ತಾರೆ, ಸ್ಟೀಲ್ ರಿಂಗು ಸರ್ರ್ ಅನ್ನುತ್ತೆ. ಆಮೇಲೆ ಬಗ್ಗಿ, ಕೈ ಅಡ್ಡ ಹಿಡ್ದು, "ಮ—ಲ—ಗಿ—ತಾ?"

ನಾನು ತಲೆ ಆಡಿಸ್ತೀನಿ. ತಲೆ ಆಡ್ಸಿದ್ದು ಅವ್ರಿಗೆ ಕಾಣಲ್ಲ, ಕನ್ನಡಕ ಪೇಪರ್ ಮೇಲೆ ಬಿಟ್ಟು ಬಂದಿರ್ತಾರೆ. "ಹಾಂ? ಏನಂದೆ? ಮಲಗಿತಾ?" ಅಂತ ಇನ್ನೊಂದ್ಸಲ. ನಾನು ಕಣ್ಣಲ್ಲಿ, ಕೈಯಲ್ಲಿ, ಭರತನಾಟ್ಯದಲ್ಲಿ ಇರೋ ಅಷ್ಟೂ ಮುದ್ರೇಲಿ ಹೇಳ್ತೀನಿ. "ಹಾಂ ಸರಿ ಸರಿ, ಮಲಗ್ಲಿ ಮಲಗ್ಲಿ, ಎಬ್ಬಿಸ್ಬೇಡ" ಅಂತ ನನಗೇ ಬುದ್ಧಿ ಹೇಳಿ ಹೋಗ್ತಾರೆ. ಹೋದ ಸ್ವಲ್ಪ ಹೊತ್ತಿಗೆ ಮತ್ತೆ ಪರದೆ ಸರ್ರ್. "ಫ್ಯಾನ್ ಕಮ್ಮಿ ಮಾಡ್ಲಾ?" ಮತ್ತೆ ಸರ್ರ್. "ಹೊದಿಕೆ ಸರಿಯಾಗಿದ್ಯಾ?" ಇವ್ರಿಗೆ ಸಿಟ್ಟಿಂದ ಹೇಳೋ ಹಾಗಿಲ್ಲ, ಮೊಮ್ಮಗಳ ಮೇಲಿನ ಪ್ರೀತಿ. ಪ್ರೀತಿಯಿಂದ ಹೇಳೋ ಹಾಗೂ ಇಲ್ಲ, ಹೇಳಿದ್ರೆ "ಅದಕ್ಕೇ ಅಲ್ವೇನಮ್ಮ ನಾನು ಮೆತ್ತಗೆ ಕೇಳ್ತಿರೋದು" ಅಂತಾರೆ. ಅತ್ತೆ ಇದ್ದಿದ್ರೆ ಒಂದೇ ನೋಟದಲ್ಲಿ ಕೂರಿಸ್ತಿದ್ರು, ಅವ್ರು ನಾದಿನಿ ಬಾಣಂತನ ಅಂತ ಮೈಸೂರಿಗೆ ಹೋಗಿ ಕೂತಿದಾರೆ.

ಹಂಗಂತ ಮಾವ ಸುಮ್ನೆ ಕೂರೋರಲ್ಲ, ಮನೇಲಿ ನಿಶ್ಶಬ್ದ ಕಾಪಾಡೋ ಜವಾಬ್ದಾರಿನೂ ಅವ್ರೇ ತಗೊಂಡಿದಾರೆ. ಒಂದು ರಟ್ಟಿನ ಮೇಲೆ ದುಂಡಗೆ, ಬೋರ್ಡಿನ ಅಕ್ಷರದಲ್ಲಿ "ಮಗು ಮಲಗಿದೆ, ದಯವಿಟ್ಟು ಬೆಲ್ ಮಾಡಬೇಡಿ" ಅಂತ ಬರ್ದು, ಕೆಳಗೆ ಗೆರೆ ಎಳ್ದು, ಗೇಟಿಗೆ ನೇತು ಹಾಕಿದ್ರು. ಅವತ್ತಿಂದ ಯಾರೂ ಬೆಲ್ ಮಾಡಿಲ್ಲ, ಆ ಮಾತು ಒಪ್ಪಬೇಕು. ಪಾರ್ಸೆಲ್ ಹುಡುಗ ಗೇಟಲ್ಲಿ ನಿಂತು "ಮೇಡಂ, ಬೆಲ್ ಮಾಡ್ಬೇಡಿ ಅಂತ ಬರ್ದಿದೀರಾ, ಹೆಂಗ್ ಕರೀಲಿ ಮೇಡಂ?" ಅಂತ ಕರೀತಾನೆ. ವಾಕಿಂಗ್ ಹೋಗೋ ಆಂಟಿಯವ್ರು ನಿಂತ್ಕೊಂಡು ಬೋರ್ಡ್ ಓದಿ, "ಓ ಮಲಗಿದ್ಯಾ? ಎಷ್ಟೊತ್ತಿಗೆ ಮಲಗ್ತು? ಊಟ ಮಾಡ್ತಾ?" ಅಂತ ಕಿಟಕಿಗೆ ಕೇಳ್ತಾರೆ. ಮಾವ ಜಗಲಿ ಕುರ್ಚಿ ಪರಪರ ಎಳ್ಕೊಂಡು ಎದ್ದು ಎಲ್ರಿಗೂ ಉತ್ತರ ಕೊಡ್ತಾರೆ, ಪಿಸುಮಾತಲ್ಲಿ.

ಒಂದಿನ ಪೇಪರ್ ಹಿಡ್ಕೊಂಡು ಬಂದು, "ನೋಡಮ್ಮ, 2000ನೇ ಇಸ್ವೀಲೇ ಶಬ್ದ ಮಾಲಿನ್ಯದ ನಿಯಮ ಆಗಿದೆ. ಮನೆಗಳಿರೋ ಜಾಗದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಆಸ್ಪತ್ರೆ, ಸ್ಕೂಲು, ಕೋರ್ಟು ಸುತ್ತ 100 ಮೀಟರು ನಿಶ್ಶಬ್ದ ವಲಯ ಅಂತ ಮಾಡ್ಬಹುದು, ಅಲ್ಲಿ ಇನ್ನೂ ಕಮ್ಮಿ. ಮಗು ಮಲಗಿರೋ ಮನೆನೂ ಆ ಲಿಸ್ಟಿಗೆ ಸೇರಿಸ್ಬೇಕಿತ್ತು" ಅಂದ್ರು. ಮಾತು ಸರಿನೇ. ಆದ್ರೆ ನಮ್ಮ ಯಜಮಾನ್ರು ಅಲ್ಲೇ ಸೋಫಾ ಮೇಲೆ ಬಿದ್ಕೊಂಡಿದ್ದೋರು ಮೊಬೈಲಲ್ಲಿ ಡೆಸಿಬಲ್ ಅಳೆಯೋ ಆಪ್ ಹಾಕ್ಕೊಂಡಿದ್ರು, ಅಪ್ಪ ನಿಯಮ ಪಿಸುಗುಟ್ತಿದ್ದಷ್ಟು ಹೊತ್ತೂ ಸೂಜಿ ಅರವತ್ತರ ಆಚೆಗೇ ಓಡಾಡ್ತಿತ್ತು. ನಂಗೆ ತೋರ್ಸಿ ಕಿಸಕ್ ಅಂತ ನಕ್ರು. ಅಪ್ಪನಿಗೆ ತೋರ್ಸೋ ಧೈರ್ಯ ಇಲ್ಲ, ಮೂರನೇ ಕ್ಲಾಸಲ್ಲಿ ಒದೆ ತಿಂದಿದ್ದು ಇನ್ನೂ ನೆನಪಿದ್ಯಂತೆ.

ತಡೀಲಾರ್ದೆ ಒಂದ್ಸಲ ಕೇಳೇಬಿಟ್ಟೆ. ಮಾವ, ನೀವ್ಯಾಕೆ ಇಷ್ಟು ಸಲ ಬಂದ್ ನೋಡ್ತೀರಾ, ಎದ್ರೆ ನಾನೇ ಕರೀತೀನಲ್ಲ ಅಂದೆ. ಅವ್ರು ಪರದೆ ಹಿಡ್ಕೊಂಡು ಸ್ವಲ್ಪ ಹೊತ್ತು ನಿಂತ್ರು. "ಅಲ್ಲಮ್ಮ, ಇವ್ನು ಹುಟ್ಟಿದಾಗ ನಂಗೆ ಬೇರೆ ತಾಲೂಕಿಗೆ ಟ್ರಾನ್ಸ್‌ಫರ್ ಆಗಿತ್ತು. ಶನಿವಾರ ಸ್ಕೂಲು ಮುಗಿಸ್ಕೊಂಡು ಬಸ್ ಹತ್ತಿ ಬಂದ್ರೆ ರಾತ್ರಿ, ಮತ್ತೆ ಸೋಮವಾರ ಬೆಳಗಿನ ಜಾವಕ್ಕೆ ಹೊರಡೋದು. ಇವ್ನು ಮಧ್ಯಾಹ್ನ ಮಲಗ್ತಿದ್ನೋ ಇಲ್ವೋ, ಮಲಗಿದ್ರೆ ಹೆಂಗ್ ಮಲಗ್ತಿದ್ದ, ನಂಗೆ ಗೊತ್ತೇ ಇಲ್ಲ ನೋಡು. ನಿಮ್ಮತ್ತೆನ ಕೇಳ್ಬೇಕು" ಅಂದ್ರು. ನಂಗೆ ಗಂಟಲು ಕಟ್ಟಿ ಏನೂ ಹೇಳಕ್ಕಾಗ್ಲಿಲ್ಲ. ಅಷ್ಟು ಹೊತ್ತಿಗೆ ಮಗು ಎದ್ದು ಅಳೋಕೆ ಶುರು ಮಾಡ್ತು, ಯಾಕಂದ್ರೆ ಇದನ್ನೂ ಅವ್ರು ಅದೇ ಪಿಸುದನೀಲೇ ಹೇಳಿದ್ದು.

ಇವತ್ತು ಆ ಪೇಪರ್ ಗಾಡಿ ಹೋಯ್ತು ಅನ್ನೋಷ್ಟರಲ್ಲಿ ಗ್ಯಾಸ್ ಬಂತು. ಗ್ಯಾಸ್ ಆಟೋದಿಂದ ಸಿಲಿಂಡರ್ ಇಳಿಸೋದನ್ನ ನೋಡಿದೀರಲ್ಲ, ಇಳಿಸಲ್ಲ, ಬಿಡ್ತಾರೆ. ಒಳಗಿನ ಗ್ಯಾಸೇ 14.2 ಕೆಜಿ, ಕಬ್ಬಿಣದ ತೂಕ ಹೆಚ್ಚು ಕಮ್ಮಿ ಅಷ್ಟೇ, ಧಡ್ ಅಂದ ತಕ್ಷಣ ನಮ್ಮ ಶೋಕೇಸಿನ ಗ್ಲಾಸ್ ಅದುರ್ತು. ಮಾವ ಗೇಟಿಗೆ ಓಡಿ "ಶ್ಶ್ಶ್ಶ್!" ಅಂದ್ರು. ಆ ಶ್ಶ್‌ಗೆ ಎದುರು ಮನೆ ನಾಯಿ ಎದ್ದು ಬೊಗಳ್ತು. ಗ್ಯಾಸಿನವ್ನು ಒಳ್ಳೇ ಮನುಷ್ಯ, ಬೋರ್ಡ್ ನೋಡ್ದ, ಪಾಪ ಸಿಲಿಂಡರ್‌ನ ಉರುಳಿಸ್ದೆ ಹೆಗಲ ಮೇಲೆ ಇಟ್ಕೊಂಡು ಅಡುಗೆಮನೆಗೆ ತಂದ. ಇಟ್ಟು ಮೆತ್ತಗೆ, "ಓಟಿಪಿ ಹೇಳಿ ಸಾರ್" ಅಂದ.

ಓಟಿಪಿ ಬರೋದು ಯಜಮಾನ್ರ ನಂಬರಿಗೆ. ಮಾವ ಫೋನ್ ಮಾಡಿದ್ರು, ಸ್ಪೀಕರ್ ಹಾಕಿ, ಅವ್ರು ಸ್ಪೀಕರ್ ಹಾಕ್ದೆ ಯಾವತ್ತೂ ಮಾತಾಡಿಲ್ಲ. ಇವ್ರು ಯಾವುದೋ ಮೀಟಿಂಗಲ್ಲಿದ್ರು ಅನ್ಸುತ್ತೆ, ನಿಜವಾದ ಪಿಸುಮಾತಲ್ಲಿ ಏನೋ ಹೇಳಿದ್ರು. ಮಾವ, "ಲೋ, ಜೋರಾಗಿ ಹೇಳೋ, ಕೇಳಿಸ್ತಿಲ್ಲ!" ಅಂದ್ರು. ಆ ಕಡೆಯಿಂದ ಮತ್ತೆ ಪಿಸಪಿಸ. "ನಾಲ್ಕಾ? ನಾಲ್ಕೋ, ಏಳೋ?" ನಾನು ಅಡುಗೆಮನೆ ಬಾಗಿಲಲ್ಲಿ ನಿಂತು, ಬರ್ದು ಕಳ್ಸೋಕೆ ಹೇಳಿ ಅಂತ ಸನ್ನೆ ಮಾಡ್ತಿದೀನಿ, ಕನ್ನಡಕ ಇಲ್ಲ, ಕಾಣ್ತಿಲ್ಲ. ಕಡೆಗೆ ನಂಬರ್ ಸಿಕ್ತು. ಅದನ್ನ ಗ್ಯಾಸಿನವ್ನಿಗೆ ಹೇಳ್ಬೇಕಲ್ಲ, ಮಗು ಮಲಗಿದೆ ಅಂತ ನೆನಪಾಯ್ತು, ಬಗ್ಗಿದ್ರು, ಕೈ ಅಡ್ಡ ಹಿಡಿದ್ರು, ಒಂದೊಂದೇ ಅಂಕೆನ ಉಕ್ತಲೇಖನ ಕೊಡೋಕೆ ಶುರು ಮಾಡಿದ್ರು. "ನಾ—ಲ್ಕು. ಬರ್ಕೊಂಡ್ಯಾ? ನಾ—ಲ್ಕು. ಮುಂದಿಂದು, ಸೊ—ನ್ನೆ." ಗ್ಯಾಸಿನವ್ನು "ಕೊನೇದು ಏನಂದ್ರಿ ಸಾರ್?" ಅಂತ ಅವ್ನೂ ಬಗ್ಗಿ ಕೈ ಅಡ್ಡ ಹಿಡ್ದು ಕೇಳ್ದ. "ಒಂ—ಬ—ತ್ತು! ಒಂ—ಬ—ತ್ತು!" ನಾಯಿ ಮತ್ತೆ ಬೊಗಳ್ತು. ಅವ್ನು ಖಾಲಿ ಸಿಲಿಂಡರ್ ತಗೊಂಡು ಹೋಗ್ತಾ ಗೇಟಿಗೆ ಟಣ್ ಅಂತ ತಗುಲಿಸಿ, ನಾಲಿಗೆ ಕಚ್ಕೊಂಡು, "ಸಾರಿ ಮೇಡಂ" ಅಂತ ಅಲ್ಲಿಂದಾನೇ ಕೂಗ್ದ.

ಓಡಿ ಹೋಗಿ ನೋಡಿದ್ರೆ, ನಂಬ್ತೀರೋ ಬಿಡ್ತೀರೋ, ಪುಟ್ಟಿ ಬಾಯಿ ಕಳ್ಕೊಂಡು ನಿದ್ದೆ.

ದೇವ್ರೇ ಕಣ್ಣು ಬಿಟ್ಟ ಅಂತ ಬಂದು ಅಡುಗೆಮನೆ ಕಟ್ಟೆಗೆ ಒರಗ್ದೆ. ಬೆಳಿಗ್ಗೆಯಿಂದ ಸರಿಯಾಗಿ ಏನೂ ತಿಂದಿಲ್ಲ. ನಿಪ್ಪಟ್ಟಿನ ಡಬ್ಬದ ಮುಚ್ಚಳನ ಸೆರಗು ಸುತ್ತಿ, ಉಸಿರು ಕಟ್ಟಿ ತೆಗ್ದೆ. ಒಂದು ನಿಪ್ಪಟ್ಟು ಬಾಯಿಗಿಟ್ಕೊಂಡೆ. ಕಡೀಲಿಲ್ಲ. ಮಕ್ಕಳಿರೋ ಮನೇಲಿ ನಿಪ್ಪಟ್ಟು ಕಡೀಬಾರ್ದು, ಚೀಪಬೇಕು. ನಾಲಿಗೆ ಮೇಲಿಟ್ಕೊಂಡು ಕಾದ್ರೆ ಮೊದ್ಲು ಖಾರ ಬಿಡುತ್ತೆ, ಆಮೇಲೆ ಎಣ್ಣೆ, ಆಮೇಲೆ ಕರಿಬೇವು ಮೇಲಿಂದ ಬಿಟ್ಕೊಳ್ಳುತ್ತೆ, ಅಂಚು ಮೆತ್ತಗಾಗುತ್ತೆ, ಅಷ್ಟು ಹೊತ್ತಿಗೆ ತಿನ್ನೋ ಆಸೆನೇ ಅರ್ಧ ಹೋಗಿರುತ್ತೆ. ನಡುವೆ ಒಂದು ಕಡ್ಲೆಬೀಜ ಇತ್ತು, ಅದು ಮಾತ್ರ ನೆನೀಲಿಲ್ಲ. ಮೆತ್ತಗೆ, ತೀರಾ ಮೆತ್ತಗೆ, ದವಡೆ ಹಲ್ಲಿಗೆ ಕೊಟ್ಟೆ.

ಕಟುಂ.

"ಅಮ್ಮಾ!"

ಮೂವತ್ತು ಕೆಜಿ ಕಬ್ಬಿಣಕ್ಕೆ ಏಳ್ದೋಳು ಒಂದು ಕಡ್ಲೆಬೀಜಕ್ಕೆ ಎದ್ಲು. ಪರದೆ ಸರ್ರ್ ಅಂತು. ಮಾವ ತಲೆ ಹಾಕಿ, ಈಗ ಮಾಮೂಲಿ ದನೀಲಿ, "ಎದ್ದುಬಿಡ್ತಾ? ಅದಕ್ಕೇ ಹೇಳೋದಮ್ಮ, ಸ್ವಲ್ಪ ಸದ್ದು ಕಮ್ಮಿ ಮಾಡ್ಬೇಕು" ಅಂದ್ರು. ನಾನು ಬಾಯಲ್ಲಿದ್ದ ನಿಪ್ಪಟ್ಟು ನುಂಗಿದೆ, ಅದ್ರ ಜೊತೆ ಇನ್ನೂ ಏನೇನೋ ನುಂಗಿದೆ.

ಆಮೇಲೆ ಅವ್ರು, "ಸರಿ, ಮಗು ಹೆಂಗೂ ಎದ್ದಿದೆ, ನಾನು ಒಂದರ್ಧ ಗಂಟೆ ಅಡ್ಡ ಆಗ್ತೀನಿ, ಗಲಾಟೆ ಮಾಡ್ದಂಗೆ ನೋಡ್ಕೊ" ಅಂತ ರೂಮಿಗೆ ಹೋದ್ರು. ಪುಟ್ಟಿಗೆ ಗೆಜ್ಜೆ ಹಾಕಿ ಕೆಳಗೆ ಬಿಟ್ಟಿದ್ದೇ ತಡ, ಝಲ್ ಝಲ್ ಅಂತ ತಾತನ ರೂಮಿನ ಬಾಗಿಲಿಗೆ ಹೋದ್ಲು. ಪರದೆ ಒಂದು ಕೈಲಿ ಸರಿಸಿದ್ಲು. ಬಗ್ಗಿದ್ಲು. ಇನ್ನೊಂದು ಕೈ ಬಾಯಿಗೆ ಅಡ್ಡ. "ತಾತಾ... ಮಯ—ಗಿ—ತಾ?" ಗಾಳಿ ಅಷ್ಟೇ, ಜೋರೂ ಅಷ್ಟೇ.

"ಇಲ್ಲ ಪುಟ್ಟಾ, ಎದ್ದೆ, ಎದ್ದೆ" ಅಂತ ಮಾವ ಪಂಚೆ ಸರಿ ಮಾಡ್ಕೊಂಡು ಹೊರಗೆ ಬಂದೇಬಿಟ್ರು. ಮುಖದ ತುಂಬ ನಗು, ನಿದ್ದೆ ಹೋಯ್ತು ಅನ್ನೋ ಬೇಜಾರೇ ಇಲ್ಲ. ಅವಳನ್ನ ಎತ್ಕೊಂಡು ಅಡುಗೆಮನೆಗೆ ಬಂದು, ಡಬ್ಬ ತೆಗ್ದು, ಕುರ್ಚೀಲಿ ಕೂತ್ಕೊಂಡು, ಅವಳ ಕೈಗೆ ಒಂದು ರಸ್ಕ್ ಕೊಟ್ಟು, ತಾವು ನನ್ನ ನಿಪ್ಪಟ್ಟುಗಳನ್ನ ಒಂದಾದ ಮೇಲೆ ಒಂದು ಕರುಂ ಕುರುಂ ಅಂತ ಕಡೀತಾ, "ಗರಿಯಾಗಿದೆ ಕಣಮ್ಮ, ನೀನೂ ಒಂದು ತಗೋ" ಅಂದ್ರು.